ಮನೆಯೊಡೆಯನ ಅಣುವ್ರತ

ಗೃಹಸ್ಥನ ಜೀವನೋಪಾಯಗಳಲ್ಲಿ ಬಾಡಿಗೆಯ ಆದಾಯದಷ್ಟು ನಿರುಪದ್ರವಿಯಾಗಿ ತೋರುವುದು ಮತ್ತೊಂದಿಲ್ಲ. ನೇಗಿಲು ಹೂಡಿದರೆ ಮಣ್ಣಿನೊಳಗಿನ ಜೀವರಾಶಿ ನಲುಗುತ್ತದೆ. ಕುಲುಮೆ ಹೊತ್ತಿಸಿದರೆ ಅಗ್ನಿಕಾಯ, ವಾಯುಕಾಯ ಜೀವಗಳಿಗೆ ಘಾತವಾಗುತ್ತದೆ. ವ್ಯಾಪಾರಕ್ಕೆ ಕುಳಿತರೆ ತಕ್ಕಡಿಯ ಮುಳ್ಳು ದಿನಕ್ಕೆ ನೂರು ಸಲ ಮನಸ್ಸನ್ನು ಪರೀಕ್ಷಿಸುತ್ತದೆ. ಆದರೆ ಕಟ್ಟಿ ನಿಂತ ಮನೆಯೊಂದನ್ನು ಇನ್ನೊಬ್ಬರ ವಾಸಕ್ಕೆ ಕೊಟ್ಟು, ತಿಂಗಳ ಮೊದಲ ವಾರದಲ್ಲಿ ಗೊತ್ತಾದ ಹಣವನ್ನು ಪಡೆಯುವುದರಲ್ಲಿ ಯಾವ ಹಿಂಸೆಯಿದೆ? ವಯಸ್ಸಾದ ಶ್ರಾವಕರು ಅಂಗಡಿಯನ್ನು ಮಕ್ಕಳಿಗೆ ವಹಿಸಿ, ಎರಡು ಮೂರು ಮನೆಗಳ ಬಾಡಿಗೆಯನ್ನು ನೆಚ್ಚಿಕೊಂಡು ಸ್ವಾಧ್ಯಾಯ, ಸಾಮಾಯಿಕಗಳಲ್ಲಿ ಕಾಲ ಕಳೆಯಬಯಸುವುದು ಈ ನಂಬಿಕೆಯಿಂದಲೇ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಿಸಬೇಕಾದ ಪ್ರಶ್ನೆಯಾಗಿದೆ.

ಪ್ರಶ್ನೆಯನ್ನು ಒಂದು ಊರಿನ ನೆಲದ ಮೇಲೆ ನಿಲ್ಲಿಸಿ ನೋಡುವುದು ಒಳಿತು. ಕೋಲಾರ ಜಿಲ್ಲೆಯ ಬೇತಮಂಗಲವು ಪಾಲಾರ್ ನದಿಯ ಮಗ್ಗುಲಿನ ಹಳೆಯ ಊರು. ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿದ್ದ ಅದರ ಪ್ರಾಧಾನ್ಯ, ರೈಲು ಬೌರಿಂಗ್‌ಪೇಟೆಗೆ, ಎಂದರೆ ಇಂದಿನ ಬಂಗಾರಪೇಟೆಗೆ, ಬಂದ ಮೇಲೆ ತಗ್ಗಿತು. ಆದರೂ ಇಲ್ಲಿನ ದೊಡ್ಡ ಕೆರೆಯ ನೀರೇ ಕೋಲಾರ ಚಿನ್ನದ ಗಣಿಯ ಜನರ ಬಾಯಾರಿಕೆಯನ್ನು ತಣಿಸಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ನೆಲದ ಕೆಳಗೆ ಇಳಿದವರ ಸಂಸಾರಗಳು ಕಂಪನಿಯ ಸಾಲುಮನೆಗಳಲ್ಲಿ, ಅಲ್ಲಿನವರ ಮಾತಿನಲ್ಲಿ ‘ಲೈನು’ಗಳಲ್ಲಿ, ಬಾಳಿದವು. ಗಣಿ ಮುಚ್ಚಿದಾಗ ಸಂಬಳ ನಿಂತಿತು. ಅದರೊಡನೆ ತಲೆಯ ಮೇಲಿನ ಸೂರಿನ ಭರವಸೆಯೂ ಅಲುಗಾಡಿತು. ಮನೆ ಯಾರದು, ಅದರಲ್ಲಿ ಎರಡು ಮೂರು ತಲೆಮಾರು ಬಾಳಿದವರಿಗೆ ಅದರ ಮೇಲೆ ಏನು ಹಕ್ಕು ಎಂಬ ಪ್ರಶ್ನೆ ಆ ಸೀಮೆಯ ಜನರಿಗೆ ಪುಸ್ತಕದ ಪ್ರಶ್ನೆಯಲ್ಲ. ಇಂದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಸಾವಿರಾರು ಜನ ಪ್ರತಿದಿನ ದುಡಿಮೆಗೆ ಹೋಗಿಬರುತ್ತಾರೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗವು ಬೇತಮಂಗಲದ ಕಡೆಯಿಂದ ಹಾದು 2024ರ ಕೊನೆಯಲ್ಲಿ ವಾಹನಗಳಿಗೆ ತೆರೆದುಕೊಂಡಿತು. ಹೆದ್ದಾರಿ ಬಂದ ಕಡೆ ನಿವೇಶನದ ಬೆಲೆಯ ಮಾತು, ಅದರ ಬೆನ್ನಿಗೇ ಬಾಡಿಗೆ ಏರಿಸುವ ಮಾತು ಹುಟ್ಟುವುದು ಸಹಜ.

ಇಂಥ ಊರಿನಲ್ಲಿ ಒಬ್ಬ ಸಾಧಾರಣ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ತಂದೆ ಕಟ್ಟಿಸಿದ ಮೂರು ಪುಟ್ಟ ಮನೆಗಳು ಅವನ ಪಾಲಿಗೆ ಬಂದಿವೆ. ಮೂರಕ್ಕೂ ಒಂದೇ ಆವರಣ, ಒಂದೇ ಕೊಳವೆಬಾವಿ, ಒಂದೇ ನೀರಿನ ತೊಟ್ಟಿ. ಮೊದಲನೆಯ ಮನೆಯಲ್ಲಿ ತೀರಿಕೊಂಡ ಗಣಿ ಕಾರ್ಮಿಕರೊಬ್ಬರ ವೃದ್ಧ ಪತ್ನಿ ಮೊಮ್ಮಗನೊಡನೆ ಇದ್ದಾರೆ. ಎರಡನೆಯದರಲ್ಲಿ ಶಾಲಾ ಉಪಾಧ್ಯಾಯರ ಸಂಸಾರ. ಮೂರನೆಯದರಲ್ಲಿ ನಸುಕಿನ ರೈಲಿಗೆ ಓಡುವ ಯುವಕ. ಗೃಹಸ್ಥನಿಗೆ ದಲ್ಲಾಳಿಯಿಲ್ಲ, ಗುಮಾಸ್ತನಿಲ್ಲ. ಬಾಡಿಗೆ ಪಡೆಯುವವನು, ರಸೀದಿ ಬರೆಯುವವನು, ನಲ್ಲಿ ಸೋರಿದರೆ ಪ್ಲಂಬರನ್ನು ಕರೆತರುವವನು, ಜಗಳವಾದರೆ ಮಧ್ಯೆ ನಿಲ್ಲುವವನು ಎಲ್ಲ ಅವನೇ. ಆ ವೃದ್ಧೆ ತಿಂಗಳಿಗೆ 3,000 ರೂಪಾಯಿಯಂತೆ ನಾಲ್ಕು ತಿಂಗಳ ಬಾಡಿಗೆ ಕೊಟ್ಟಿಲ್ಲ. ಅದೇ ಮನೆಗೆ 5,000 ಕೊಡಲು ಇನ್ನೊಬ್ಬರು ಸಿದ್ಧರಾಗಿದ್ದಾರೆ. ಇತ್ತ ಗೃಹಸ್ಥನ ಮಗಳ ಕಾಲೇಜಿನ ಶುಲ್ಕ ಕಟ್ಟುವ ದಿನ ಸಮೀಪಿಸಿದೆ. ಅವನು ಕ್ರೂರಿಯಲ್ಲ, ವಿಶೇಷ ಲೋಭಿಯೂ ಅಲ್ಲ. ಅವನು ಮಾಡಬೇಕಾದುದೇನು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಬಾಡಿಗೆ ಎಂಬುದರ ಸ್ವರೂಪವನ್ನು ತಿಳಿಯಬೇಕು. ಬಾಡಿಗೆ ಎಂಬ ಪದವು ಸಂಸ್ಕೃತದ ‘ಭಾಟಕ’ದಿಂದ ಬಂದ ತದ್ಭವ. ಶ್ರಾವಕನು ತ್ಯಜಿಸಬೇಕಾದ 15 ಕರ್ಮಾದಾನಗಳಲ್ಲಿ ಭಾಟಕ ಜೀವಿಕೆಯೂ ಒಂದೆಂದು ಪೂರ್ವಾಚಾರ್ಯರು ಎಣಿಸಿದ್ದಾರೆ. ಅಲ್ಲಿ ಉದ್ದೇಶಿಸಿರುವುದು ಮನೆಯ ಬಾಡಿಗೆಯನ್ನಲ್ಲ. ಬಂಡಿ, ಎತ್ತು, ಕತ್ತೆ, ಒಂಟೆಗಳ ಮೇಲೆ ಪರರ ಹೇರು ಹೊರಿಸಿ ಹಣ ಪಡೆಯುವ ವೃತ್ತಿಯನ್ನು. ಆದರೆ ನಿಷೇಧದ ಕಾರಣವನ್ನು ಯೋಚಿಸಿದರೆ ಮನೆಯೊಡೆಯನಿಗೂ ಅದರಲ್ಲಿ ಪಾಠವಿದೆ. ಅಲ್ಲಿ ಲಾಭ ಒಬ್ಬನದು, ಹೊರೆ ಮತ್ತೊಂದು ಜೀವದ್ದು. ಹೊರುವ ಜೀವದ ಬೆನ್ನು ಎಷ್ಟು ನೊಂದಿತೆಂಬುದು ಹಣ ಎಣಿಸುವವನ ಕಣ್ಣಿಗೆ ಬೀಳುವುದಿಲ್ಲ. ಬಾಡಿಗೆಯ ಅಪಾಯವಿರುವುದು ಈ ಕಾಣದಿರುವಿಕೆಯಲ್ಲಿ.

ಆದಕಾರಣ ಚಿಕ್ಕ ಮಾಲೀಕನು ತನ್ನ ಮನೆಗಳನ್ನು ತಾನೇ ನೋಡಿಕೊಳ್ಳುವುದನ್ನು ಕೇವಲ ದಲ್ಲಾಳಿಯ ಕಮಿಷನ್ ಉಳಿಸುವ ಉಪಾಯವೆಂದು ತಿಳಿಯಬಾರದು. ಅದು ಕಣ್ಣು ತೆರೆದಿಟ್ಟುಕೊಳ್ಳುವ ಸಾಧನೆಯೂ ಹೌದು. ‘ಯಾರಿಗಾದರೂ ವಹಿಸಿಬಿಟ್ಟರೆ ಪಾಪವೂ ಇಲ್ಲ, ತಲೆನೋವೂ ಇಲ್ಲ’ ಎನ್ನುವವರಿದ್ದಾರೆ. ತಲೆನೋವು ಹೋಗಬಹುದು, ಪಾಪ ಹೋಗುವುದಿಲ್ಲ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು, ಕೃತ, ಕಾರಿತ, ಅನುಮೋದಿತವೆಂಬ ಈ ಮೂರರಿಂದಲೂ ಕರ್ಮಾಸ್ರವವಾಗುತ್ತದೆ ಎಂಬುದು ಜೈನ ನೀತಿಯ ಮೊದಲ ಪಾಠ. ಮಾಲೀಕನು ಬೆಂಗಳೂರಿನಲ್ಲಿ ಕುಳಿತು ‘ಹೇಗಾದರೂ ಮಾಡಿ ಖಾಲಿ ಮಾಡಿಸು’ ಎಂದು ದಲ್ಲಾಳಿಗೆ ಹೇಳಿದರೆ, ಆ ‘ಹೇಗಾದರೂ’ ಎಂಬ ಮಾತಿನೊಳಗೆ ಏನೇನು ನಡೆಯಿತೋ ಅದೆಲ್ಲವೂ ಅವನ ಲೆಕ್ಕಕ್ಕೇ ಸೇರುತ್ತದೆ. ತಾನೇ ಹೋಗಿ ಬಾಗಿಲು ತಟ್ಟುವವನು ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾರ. ಬಾಗಿಲು ತೆರೆದವರ ಮುಖ ಅವನನ್ನು ತಡೆಯುತ್ತದೆ.

ಆದರೆ ತಾನೇ ನೋಡಿಕೊಳ್ಳುವವನಿಗೆ ಪ್ರಲೋಭನೆಗಳೂ ಹೆಚ್ಚು. ಅವು ದೊಡ್ಡ ಪಾಪಗಳ ರೂಪದಲ್ಲಿ ಬರುವುದಿಲ್ಲ. ಅತಿಚಾರಗಳ ರೂಪದಲ್ಲಿ ಬರುತ್ತವೆ. ವ್ರತವನ್ನು ಪೂರ್ಣವಾಗಿ ಮುರಿಯದೆ ಅದರ ಅಂಚನ್ನು ಸವೆಸುವ ದೋಷವೇ ಅತಿಚಾರ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತುಬಿಡುವ ಆ ಪಟ್ಟಿಯನ್ನು ಬಾಡಿಗೆಮನೆಯ ಹೊಸ್ತಿಲಲ್ಲಿ ನಿಂತು ಓದಿದರೆ, ಅದು ಮನೆಯೊಡೆಯನಿಗಾಗಿಯೇ ಬರೆದಂತೆ ಕಾಣುತ್ತದೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಒಂದು. ನ್ಯಾಸವೆಂದರೆ ನಂಬಿ ಇಟ್ಟ ಇಡುಗಂಟು. ಇಂದು ‘ಅಡ್ವಾನ್ಸ್’ ಎಂದು ಎಲ್ಲರೂ ಕರೆಯುವ ಠೇವಣಿ ಈ ನ್ಯಾಸವೇ ಅಲ್ಲದೆ ಬೇರೆಯಲ್ಲ. ಅದು ಬಾಡಿಗೆಯಲ್ಲ, ಮಾಲೀಕನ ಆದಾಯವಲ್ಲ. ಬಾಡಿಗೆದಾರನ ಹಣ, ಮಾಲೀಕನ ಬಳಿ ಕಾವಲಿಗಿದೆ. ಬಹುಪಾಲು ಮಾಲೀಕರು ಅದನ್ನು ಪಡೆದ ದಿನವೇ ಖರ್ಚು ಮಾಡಿಬಿಡುತ್ತಾರೆ. ಬಾಡಿಗೆದಾರ ಮನೆ ಬಿಟ್ಟಾಗ, ‘ಹೊಸಬರು ಬಂದು ಅಡ್ವಾನ್ಸ್ ಕೊಡಲಿ, ಆಮೇಲೆ ನಿಮ್ಮದು’ ಎನ್ನುತ್ತಾರೆ. ಅವನು ಸಾಮಾನು ಹೊತ್ತು ಮತ್ತೊಂದು ಮನೆಯ ಬಾಗಿಲಲ್ಲಿ ಸಾಲದ ಹಣ ಹಿಡಿದು ನಿಲ್ಲಬೇಕು. ಮನೆಯನ್ನು ಭೋಗ್ಯಕ್ಕೆ ಕೊಟ್ಟು ಒಂದೇ ಗಂಟಿನಲ್ಲಿ ಹಣ ಪಡೆದವರಲ್ಲಿ ಈ ತೊಡಕು ಇನ್ನೂ ದೊಡ್ಡದು. ಅವಧಿ ಮುಗಿದಾಗ ಲಕ್ಷಗಳನ್ನು ಹೊಂದಿಸಲಾರದೆ ತಿಂಗಳುಗಟ್ಟಲೆ ಮುಖ ಮರೆಸುವವರಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸುವ ರೀತಿ ಬಹು ಸೂಕ್ಷ್ಮವಾಗಿದೆ. ಹೊನ್ನನ್ನು ಇಟ್ಟವನು ಎಷ್ಟೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ; ಇಟ್ಟುಕೊಂಡವನು ‘ಹಾಗೇ ಆಗಲಿ’ ಎಂದು ಅಷ್ಟನ್ನೇ ಕೊಡುತ್ತಾನೆ. ಅವನು ಕಸಿದುಕೊಳ್ಳಲಿಲ್ಲ, ಸುಳ್ಳನ್ನೂ ಎತ್ತಿ ಆಡಲಿಲ್ಲ. ಆದರೂ ವ್ರತಕ್ಕೆ ಮಾಲಿನ್ಯ ತಟ್ಟಿತು. ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಠೇವಣಿಯಲ್ಲಿ ಮುರಿದುಕೊಂಡು, ಬಣ್ಣ ಬಳಿಸದೆ ಮುಂದಿನವರಿಗೆ ಅದೇ ಗೋಡೆಯನ್ನು ತೋರಿಸುವ ಮಾಲೀಕನು ಈ ಉದಾಹರಣೆಯ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಳ್ಳಬೇಕು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಬರುತ್ತದೆ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ. ಮನೆಯೊಡೆಯನ ತಕ್ಕಡಿ ಇಂದು ಗೋಡೆಯ ಮೇಲಿನ ವಿದ್ಯುತ್ ಮೀಟರು. ಒಂದೇ ಸಂಪರ್ಕದಿಂದ ಮೂರು ಮನೆಗಳಿಗೆ ಉಪಮೀಟರು ಹಾಕಿ, ತಾನು ಯೂನಿಟ್ಟಿಗೆ 6 ರೂಪಾಯಿ ತೆತ್ತು, ಬಾಡಿಗೆದಾರನಿಂದ 8 ರೂಪಾಯಿ ಪಡೆದರೆ ತಿಂಗಳಿಗೆ 60 ಯೂನಿಟ್ಟಿನ ಮೇಲೆ 120 ರೂಪಾಯಿ, ವರ್ಷಕ್ಕೆ 1,440 ರೂಪಾಯಿ. ಅಂಗಡಿಯಲ್ಲಿ ತೂಕದ ಕಲ್ಲನ್ನು ಸವೆಸಿ ಇಷ್ಟೇ ಹಣ ಗಳಿಸಿದವನನ್ನು ಸಮಾಜ ಕಳ್ಳನೆನ್ನುತ್ತದೆ. ಮನೆಯೊಡೆಯನನ್ನು ಲೆಕ್ಕದಲ್ಲಿ ಜಾಣನೆನ್ನುತ್ತದೆ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ತು ಉಚಿತವಾಯಿತು. ಬಾಡಿಗೆದಾರರೂ ಆರ್.ಆರ್. ಸಂಖ್ಯೆಗೆ ತಮ್ಮ ಹೆಸರನ್ನು ಜೋಡಿಸಿಕೊಂಡು ಇದನ್ನು ಪಡೆಯಬಹುದು. ಬಡ ಸಂಸಾರಕ್ಕೆ ಸರ್ಕಾರ ಕೊಟ್ಟ ಈ ಸೌಲಭ್ಯವನ್ನು ತನ್ನ ಹೆಸರಿನಲ್ಲಿ ಪಡೆದು, ಬಾಡಿಗೆದಾರನಿಂದ ಮಾತ್ರ ಹಿಂದಿನಂತೆ ಕರೆಂಟಿನ ಹಣ ಎಣಿಸಿಕೊಳ್ಳುವುದಕ್ಕೆ ಅದತ್ತಾದಾನವೆಂಬ ಹೆಸರಲ್ಲದೆ ಬೇರೆ ಹೆಸರಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ‘ಅನ್ನಪಾನನಿರೋಧ’. ತನ್ನ ಅಧೀನದಲ್ಲಿರುವ ಜೀವಕ್ಕೆ ಅನ್ನ ನೀರನ್ನು ತಡೆಯುವುದು. ಕೊಟ್ಟಿಗೆಯ ದನವನ್ನು, ಮನೆಯ ಆಳನ್ನು ಮನಸ್ಸಿನಲ್ಲಿಟ್ಟು ಹೇಳಿದ ಮಾತಿದು. ಕೋಲಾರದ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದರೂ ನೀರು ಕಾಣದಿರುವುದುಂಟು. ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಹೊತ್ತನ್ನು ಕಾದು ಕುಳಿತ ಕೊಡಗಳ ಸಾಲು ಅಲ್ಲಿ ಹೊಸ ನೋಟವಲ್ಲ. ಅಂಥ ಕಡೆ ಬಾಡಿಗೆ ಬಾಕಿಯಿದೆಯೆಂದು ಮಾಲೀಕನು ತೊಟ್ಟಿಯ ವಾಲ್ವನ್ನು ತಿರುಗಿಸಿಬಿಟ್ಟರೆ, ಅವನು ಕೈ ಎತ್ತದೆ, ಬೈಗುಳವಾಡದೆ ಹಿಂಸೆ ಮಾಡಿದಂತಾಯಿತು. ಅವಶ್ಯ ಸೌಕರ್ಯಗಳನ್ನು ಹೀಗೆ ಕಡಿಯುವುದನ್ನು ಬಾಡಿಗೆ ಕಾಯಿದೆಯೂ ನಿಷೇಧಿಸುತ್ತದೆ. ಕಾಯಿದೆಗೆ ಅಂಜಿ ಬಿಟ್ಟವನಿಗಿಂತ, ಆ ಮನೆಯಲ್ಲಿ ಒಲೆಯ ಮೇಲೆ ಎಸರಿಗೆ ನೀರಿಲ್ಲದೆ ಕುಳಿತವರನ್ನು ನೆನೆದು ಬಿಟ್ಟವನು ವ್ರತಿ.

ದುರಸ್ತಿಯ ವಿಷಯದಲ್ಲಿ ಹಿಂಸೆ ಇನ್ನೂ ನಿಧಾನವಾದುದು. ಮಳೆಗಾಲದಲ್ಲಿ ಸೋರುವ ಚಾವಣಿ, ಕೈಯಿಟ್ಟರೆ ಜುಮ್ಮೆನ್ನುವ ಸ್ವಿಚ್ಚು, ತುಂಬಿ ಉಕ್ಕುವ ಮೋರಿ, ಇವನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ತಳ್ಳುತ್ತ ಹೋಗುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ಶಾಸ್ತ್ರ ಹೇಳುತ್ತದೆ. ಲೌಕಿಕ ಕಾನೂನೂ ಇಲ್ಲಿ ಮೌನವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕಾರ, ಮಾಲೀಕನು ತಾನು ಮಾಡಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ತಕ್ಕ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಅದರ ವೆಚ್ಚವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆದಾಯ ತೆರಿಗೆಯ ನಿಯಮವು ಮನೆಯ ನಿವ್ವಳ ವಾರ್ಷಿಕ ಮೌಲ್ಯದಲ್ಲಿ ಶೇಕಡಾ 30ನ್ನು, ನಿಜವಾದ ಖರ್ಚಿನ ಲೆಕ್ಕ ಕೇಳದೆ, ಮಾಲೀಕನಿಗೆ ಬಿಟ್ಟುಕೊಡುತ್ತದೆ. ತಿಂಗಳಿಗೆ 3,000 ರೂಪಾಯಿಯ ಮನೆಯ ವರ್ಷದ ಬಾಡಿಗೆ 36,000. ಅದರ ಶೇಕಡಾ 30 ಎಂದರೆ 10,800. ತೆರಿಗೆ ಕಟ್ಟುವಷ್ಟು ವರಮಾನವಿಲ್ಲದವನಿಗೂ ಇದೊಂದು ಒಳ್ಳೆಯ ಅಳತೆಗೋಲು. ಅಷ್ಟು ಹಣ ಮನೆಗೇ ಸೇರಿದ್ದು, ತನಗಲ್ಲ ಎಂದು ಬೇರೆ ಇಟ್ಟವನ ಮನೆಯಲ್ಲಿ ಚಾವಣಿ ಸೋರುವುದಿಲ್ಲ.

ಇನ್ನು ‘ರಹೋಭ್ಯಾಖ್ಯಾನ’. ಪರರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು ಸತ್ಯವ್ರತಕ್ಕೆ ಕಳಂಕ. ಒಂದೇ ಆವರಣದಲ್ಲಿರುವ ಮಾಲೀಕನಿಗೆ ಬಾಡಿಗೆದಾರರ ಗಂಡಹೆಂಡಿರ ಜಗಳ, ಮಗನ ಕುಡಿತ, ಬಂದುಹೋಗುವ ನೆಂಟರು, ಬ್ಯಾಂಕಿನಿಂದ ಬಂದ ನೋಟೀಸು ಎಲ್ಲವೂ ತಿಳಿಯುತ್ತದೆ. ತಿಳಿದುದನ್ನು ಜಗಲಿಯ ಮಾತಿಗೆ ಎಳೆಯದಿರುವುದು ಅವನ ಧರ್ಮ. ಕೇಳದೆ ಒಳನುಗ್ಗುವುದೂ ಇದೇ ದೋಷದ ಇನ್ನೊಂದು ಮುಖ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿ, ಮನೆಯೊಳಗೆ ಬರಬೇಕಾದರೆ ಮಾಲೀಕನು 24 ಗಂಟೆ ಮೊದಲು ತಿಳಿಸಬೇಕೆಂದೂ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಪಡೆಯಬಾರದೆಂದೂ ಹೇಳಿದೆ. ರಾಜ್ಯಗಳು ಅಂಗೀಕರಿಸಿದರೆ ಮಾತ್ರ ಅದು ಕಾನೂನು. ಆದರೆ ಒಳ್ಳೆಯ ನಡತೆಗೆ ವಿಧಾನಸಭೆಯ ಅಂಗೀಕಾರ ಬೇಕಾಗಿಲ್ಲ. ಗೋಡೆ ಮಾಲೀಕನದು, ಗೋಡೆಯೊಳಗಿನ ಬದುಕು ಬಾಡಿಗೆದಾರನದು. ಈ ಭೇದವಿಜ್ಞಾನ ಮನೆಯೊಡೆಯನಿಗೆ ನಿತ್ಯವೂ ಬೇಕು.

ಮನೆಯನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಜೈನ ಕುಟುಂಬಗಳಿಗೆ ಅತ್ಯಂತ ಇಕ್ಕಟ್ಟಿನದು. ತಮ್ಮ ಅಡುಗೆಮನೆಯ ಗೋಡೆಗೆ ಹೊಂದಿದ ಮನೆಯಲ್ಲಿ ಮಾಂಸ ಬೇಯಬಾರದೆಂದು ಬಯಸುವುದನ್ನು ತಪ್ಪೆನ್ನಲಾಗದು. ಅದನ್ನು ಮೊದಲ ದಿನವೇ ಸೌಜನ್ಯದಿಂದ, ಎಲ್ಲರಿಗೂ ಒಂದೇ ರೀತಿಯಾಗಿ ಹೇಳಿದರೆ ಸಾಕು. ಆದರೆ ಆಹಾರದ ಹೆಸರಿನಲ್ಲಿ ಜಾತಿಯನ್ನು ಕೆದಕುವುದು, ಹೆಸರು ಕೇಳಿದೊಡನೆ ‘ಮನೆ ಆಗಲೇ ಆಗಿಹೋಯಿತು’ ಎಂದು ಸುಳ್ಳಾಡುವುದು ಬೇರೆ ಮಾತು. ಅದು ಅಹಿಂಸೆಯ ರಕ್ಷಣೆಯಲ್ಲ. ಎಂಟು ಮದಗಳಲ್ಲಿ ಎಣಿಸಿದ ಕುಲಮದ, ಜಾತಿಮದಗಳು ಅಹಿಂಸೆಯ ಹೊದಿಕೆ ಹೊದ್ದು ಬಂದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವುಳ್ಳ ಚಂಡಾಲನನ್ನೂ ದೇವನೆಂದೇ ಬಗೆಯಬೇಕೆಂದರು. ಕೋಲಾರದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರಲ್ಲಿ ಬಹುಪಾಲಿನವರು ತಮಿಳು ನಾಡಿನಿಂದ ಬಂದ ದಲಿತ ಸಂಸಾರಗಳವರು. ಅವರ ಕೈಯಿಂದ ಮೇಲೆ ಬಂದ ಚಿನ್ನಕ್ಕೆ ಯಾವ ಮನೆಯ ಬಾಗಿಲೂ ಮುಚ್ಚಲಿಲ್ಲ. ಅದನ್ನು ಮೈಮೇಲೆ ಧರಿಸಲು, ಬಿಂಬಕ್ಕೆ ಅರ್ಪಿಸಲು ಯಾರೂ ಹಿಂಜರಿಯಲಿಲ್ಲ. ಅವರ ಮೊಮ್ಮಕ್ಕಳು ಬಾಡಿಗೆಮನೆ ಕೇಳಿಕೊಂಡು ಬಂದಾಗ ಬಾಗಿಲು ಮುಚ್ಚಿದರೆ, ಆ ಮುಚ್ಚಿದ ಬಾಗಿಲಿಗೆ ಧರ್ಮದ ಚಿಲಕ ಹಾಕಬಾರದು.

ಈಗ ಬಾಡಿಗೆ ಏರಿಕೆಯ ಮಾತು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅತಿಭಾರಾರೋಪಣ’ವೂ ಒಂದು, ಹೊರಲಾರದಷ್ಟು ಹೊರೆ ಹೇರುವುದು. ಕಂದಾಯ ಏರುತ್ತದೆ, ಸಿಮೆಂಟು, ಕೂಲಿ ಏರುತ್ತವೆ. ಬಾಡಿಗೆ ಏರಬಾರದೆಂದು ಯಾರೂ ಹೇಳಲಾರರು. ಎಷ್ಟು, ಯಾವಾಗ, ಹೇಗೆ ಎಂಬುದರಲ್ಲಿ ಧರ್ಮಾಧರ್ಮಗಳ ನಿರ್ಣಯವಿದೆ. ಶ್ರೀಮದ್ ರಾಜಚಂದ್ರರ (1867–1901) ಜೀವನದ ಒಂದು ಪ್ರಸಂಗವನ್ನು ಜೈನ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ರತ್ನ ವ್ಯಾಪಾರದಲ್ಲಿ ಒಬ್ಬ ವರ್ತಕನು ನಿಗದಿಯಾದ ಬೆಲೆಗೆ ಸರಕು ಕೊಡಲು ಒಪ್ಪಂದ ಮಾಡಿಕೊಂಡಿದ್ದ. ಅಷ್ಟರಲ್ಲಿ ಪೇಟೆಯ ಬೆಲೆ ಬಹುವಾಗಿ ಏರಿತು. ಒಪ್ಪಂದದಂತೆ ನಡೆದರೆ ಆ ವರ್ತಕ ದಿವಾಳಿಯಾಗುತ್ತಿದ್ದ. ರಾಜಚಂದ್ರರು ಒಪ್ಪಂದದ ಕಾಗದವನ್ನೇ ಹರಿದುಹಾಕಿದರಂತೆ. ಕಾಗದ ಅವರ ಪರವಾಗಿತ್ತು; ಆದರೂ ಇನ್ನೊಬ್ಬನ ನಾಶದಿಂದ ಬರುವ ಲಾಭ ಅವರಿಗೆ ಬೇಡವಾಗಿತ್ತು. ಹೆದ್ದಾರಿ ಬಂದಿತೆಂದು ಒಂದೇ ಏಟಿಗೆ ಬಾಡಿಗೆಯನ್ನು ದುಪ್ಪಟ್ಟು ಮಾಡಲು ಹೊರಟವನು ಈ ಪ್ರಸಂಗವನ್ನು ಒಮ್ಮೆ ನೆನೆಯಬೇಕು. ಹೆದ್ದಾರಿಯನ್ನು ಅವನು ಕಟ್ಟಲಿಲ್ಲ. ಬಾಡಿಗೆದಾರನ ಸಂಬಳವೂ ಹೆದ್ದಾರಿಯೊಡನೆ ಏರಲಿಲ್ಲ.

ಇಲ್ಲಿಗೆ ಬೇತಮಂಗಲದ ಆ ಗೃಹಸ್ಥನ ಸಂಕಟಕ್ಕೆ ಮರಳಬಹುದು. ಅವನ ಮನಸ್ಸನ್ನು ಕುಟುಕುತ್ತಿರುವ ಹಣ ಎರಡು ಬಗೆಯದು. ಒಂದು, ನಾಲ್ಕು ತಿಂಗಳ ಬಾಕಿ 12,000 ರೂಪಾಯಿ. ಇದು ನಿಜವಾಗಿ ಅವನಿಗೆ ಬರಬೇಕಾದದ್ದು. ಮಗಳ ಶುಲ್ಕಕ್ಕೆ ಬೇಕಾದದ್ದು. ಇನ್ನೊಂದು, ಹೊಸಬರು ಕೊಡುತ್ತೇವೆನ್ನುವ ಹೆಚ್ಚಿನ 2,000 ರೂಪಾಯಿ. ಇದು ಅವನ ಕೈಗೆ ಎಂದೂ ಬಂದಿಲ್ಲ. ಆದರೂ ಪ್ರತಿ ತಿಂಗಳೂ ಅದನ್ನು ಯಾರೋ ಕದ್ದೊಯ್ಯುತ್ತಿದ್ದಾರೆಂಬಂತೆ ಅವನಿಗೆ ಭಾಸವಾಗುತ್ತದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ಆಚಾರ್ಯರು ಹೇಳಿದ್ದರ ಅರ್ಥ ಇಲ್ಲಿ ಬೆಳಗುತ್ತದೆ. ಇಲ್ಲದ ಹಣವನ್ನು ಕಳೆದುಕೊಂಡೆನೆಂದು ನೋಯಿಸುವುದೇ ಮೂರ್ಛೆ. ಈ ಎರಡನ್ನೂ ಬೇರ್ಪಡಿಸಿ ನೋಡಿದೊಡನೆ ಅರ್ಧ ಸಂಕಟ ಕರಗುತ್ತದೆ. ಆ ವೃದ್ಧೆಯ ಮೇಲಿನ ಕೋಪದಲ್ಲಿ ಎಷ್ಟು ಭಾಗ ಬಾಕಿಯಿಂದ ಹುಟ್ಟಿದ್ದು, ಎಷ್ಟು ಭಾಗ ಆ 2,000ದಿಂದ ಹುಟ್ಟಿದ್ದು ಎಂದು ಅವನೇ ತಿಳಿದುಕೊಳ್ಳಬಲ್ಲ.

ಉಳಿದರ್ಧಕ್ಕೆ ಲೆಕ್ಕವೂ ಬೇಕು, ಕರುಣೆಯೂ ಬೇಕು, ಎರಡನ್ನೂ ಕಲಸಬಾರದು. ಅನೇಕ ಒಳ್ಳೆಯ ಮಾಲೀಕರು ತಪ್ಪುವುದು ಇಲ್ಲಿಯೇ. ‘ಈ ತಿಂಗಳೊಂದು ತಾಳಿಕೊಳ್ಳಿ ಸ್ವಾಮಿ’ ಎಂದಾಗ ಅವರು ಹೂಂ ಎನ್ನುತ್ತಾರೆ. ಮುಂದಿನ ತಿಂಗಳೂ ಹೂಂ ಎನ್ನುತ್ತಾರೆ. ಬಾಯಿ ಕ್ಷಮಿಸುತ್ತಿರುತ್ತದೆ, ಮನಸ್ಸು ಬಡ್ಡಿ ಕಟ್ಟುತ್ತಿರುತ್ತದೆ. ಒಂದು ದಿನ ಅದು ಬಯ್ಗುಳವಾಗಿ, ನೆರೆಹೊರೆಯವರೆದುರು ಅವಮಾನವಾಗಿ ಸಿಡಿಯುತ್ತದೆ. ಅದು ದಾನವೂ ಅಲ್ಲ, ವ್ಯವಹಾರವೂ ಅಲ್ಲ. ಸಾಲ ಕೊಟ್ಟವನ ಕಷಾಯ. ಇದಕ್ಕಿಂತ, ಎರಡನೆಯ ತಿಂಗಳೇ ಆ ಮನೆಯ ಬಾಗಿಲಿಗೆ ಹೋಗಿ, ಅಂಗಳದಲ್ಲಿ ನಿಂತು ಕೂಗದೆ, ಕುಳಿತು ಮಾತಾಡಿ, ಕಾಗದದ ಮೇಲೆ ಲೆಕ್ಕವನ್ನು ಬರೆಯುವುದೇ ಮೇಲು. ತನ್ನ ಸಂಸಾರದ ಸ್ಥಿತಿಯಲ್ಲಿ ಎರಡು ತಿಂಗಳ ಬಾಡಿಗೆ ಬಿಡಬಲ್ಲೆನೆಂದು ತೋರಿದರೆ, ಅದನ್ನು ಸ್ಪಷ್ಟವಾಗಿ ಬಿಟ್ಟು, ತನ್ನ ಪುಸ್ತಕದಲ್ಲಿ ದಾನವೆಂದು ಬರೆದು, ಮತ್ತೆಂದೂ ಅದರ ಮಾತೆತ್ತಬಾರದು. ಉಳಿದ ಎರಡು ತಿಂಗಳದ್ದನ್ನು ಮೊಮ್ಮಗನ ದುಡಿಮೆಗೆ ತಕ್ಕಂತೆ ಸಣ್ಣ ಕಂತುಗಳಲ್ಲಿ ಪಡೆಯಬಹುದು. ಠೇವಣಿಯಲ್ಲಿ ಬಾಕಿಯನ್ನು ಮುರಿದುಕೊಳ್ಳುವ ಹಕ್ಕು ಅವನಿಗಿದ್ದೇ ಇದೆ. ಆದರೆ ಅದನ್ನೆಲ್ಲ ಮುರಿದುಕೊಂಡು ಆಕೆಯನ್ನು ಕಳಿಸಿದರೆ ಮುಂದಿನ ಮನೆಗೆ ಕೊಡಲು ಆಕೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದೂ ಅವನಿಗೆ ತಿಳಿದಿರಬೇಕು.

ಕಂತೂ ಆಗದು, ಬಾಡಿಗೆಯೂ ಬಾರದು ಎಂದಾದರೆ ಮನೆ ಬಿಡಲು ಹೇಳುವುದು ಅಧರ್ಮವಲ್ಲ. ಬಾಡಿಗೆಯನ್ನೇ ನಂಬಿ ಬದುಕುವ ಮಾಲೀಕನೂ ಜೀವವೇ. ಅವನ ಮಗಳ ಓದೂ ಧರ್ಮವೇ. ಕೊಡಲು ಶಕ್ತಿಯಿದ್ದೂ ಕೊಡದೆ ಕಾನೂನಿನ ಸಂದಿಯಲ್ಲಿ ಅಡಗುವ ಬಾಡಿಗೆದಾರನು ತಾನೂ ಅಚೌರ್ಯವ್ರತಕ್ಕೆ ಎರವಾಗುತ್ತಾನೆ. ಆದರೆ ಬಿಡಿಸುವ ರೀತಿಯಲ್ಲಿ ವ್ರತ ಉಳಿಯಬೇಕು. ತಿಂಗಳ ಬಾಡಿಗೆಯ ಮನೆಗೆ, ಬೇರೆ ಕರಾರಿಲ್ಲದಿದ್ದಾಗ, 1882ರ ಅಧಿನಿಯಮ ಹೇಳುವ ತಿಳಿವಳಿಕೆಯ ಅವಧಿ 15 ದಿನ. ಅದು ಕಾನೂನಿನ ಕನಿಷ್ಠ, ಧರ್ಮದ ಗರಿಷ್ಠವಲ್ಲ. ಮೊಮ್ಮಗನ ಶಾಲೆಯ ವರ್ಷ ಮುಗಿಯುವವರೆಗೆ ತಾಳುವುದು, ಕಡಿಮೆ ಬಾಡಿಗೆಯ ಬೇರೊಂದು ಮನೆ ಹುಡುಕಿಕೊಡುವುದು, ಮಗ ಬರುತ್ತಾನೆ, ಮನೆ ಕೆಡವಬೇಕು ಎಂಬ ಸುಳ್ಳು ನೆವ ಹೇಳದಿರುವುದು, ಹೊರಡುವ ದಿನವೇ ಲೆಕ್ಕ ಮುಗಿಸಿ ಉಳಿದ ಠೇವಣಿಯನ್ನು ಕೈಗೆ ಕೊಡುವುದು, ಇಷ್ಟು ಮಾಡಿದವನು ಮನೆ ಬಿಡಿಸಿಯೂ ವ್ರತವನ್ನು ಬಿಡಲಿಲ್ಲ.

ಮಂದಿರ, ಬಸದಿಗಳ ಟ್ರಸ್ಟುಗಳ ಸ್ಥಿತಿ ಇದಕ್ಕಿಂತ ನಾಜೂಕಾದುದು. ನಿತ್ಯಪೂಜೆಯ ವೆಚ್ಚ ಅನೇಕ ಕಡೆ ಟ್ರಸ್ಟಿನ ಅಂಗಡಿ, ಮನೆಗಳ ಬಾಡಿಗೆಯಿಂದ ನಡೆಯುತ್ತದೆ. ಅದು ದೇವದ್ರವ್ಯ, ಟ್ರಸ್ಟಿಯು ಅದರ ಒಡೆಯನಲ್ಲ, ನ್ಯಾಸಧಾರಿ. ಆದಕಾರಣ ತನ್ನ ಮನೆಯ ಬಾಡಿಗೆಯನ್ನು ಬಿಟ್ಟಂತೆ ದೇವರ ಮನೆಯ ಬಾಡಿಗೆಯನ್ನು ಬಿಟ್ಟುಕೊಟ್ಟು ಉದಾರಿಯೆನಿಸಿಕೊಳ್ಳುವ ಹಕ್ಕು ಅವನಿಗಿಲ್ಲ. ಕರುಣೆ ತೋರಬೇಕೆನಿಸಿದರೆ ತನ್ನ ಜೇಬಿನಿಂದ ಆ ಬಾಡಿಗೆಯನ್ನು ತುಂಬಬೇಕು. ಹಾಗೆಯೇ ದೇವರ ಹೆಸರು ಹೇಳಿ ನೀರು ನಿಲ್ಲಿಸುವ, ಬೀಗ ಜಡಿಯುವ ಹಕ್ಕೂ ಇಲ್ಲ. ಬಾಡಿಗೆಯ ಪ್ರಮಾಣ, ಏರಿಕೆಯ ಕಾಲ, ದುರಸ್ತಿಯ ನಿಧಿ ಇವನ್ನು ಸಭೆಯಲ್ಲಿ ಬರೆದು ನಿಶ್ಚಯಿಸಿ, ಟ್ರಸ್ಟಿಗಳ ಬಂಧುಗಳಿಗೂ ಅನ್ಯರಿಗೂ ಒಂದೇ ನಿಯಮವನ್ನು ನಡೆಸಬೇಕು. ಟ್ರಸ್ಟಿಯೇ ಹಳೆಯ ಕಡಿಮೆ ಬಾಡಿಗೆಗೆ ದೇವರ ಅಂಗಡಿಯಲ್ಲಿ ಕುಳಿತಿದ್ದರೆ ಯಾವ ನಿಯಮಕ್ಕೂ ಬೆಲೆಯಿರುವುದಿಲ್ಲ.

ಹೀಗೆ ನೋಡಿದಾಗ ಬಾಡಿಗೆಯ ಆದಾಯವು ನಿರುಪದ್ರವಿಯೂ ಅಲ್ಲ, ನಿಂದ್ಯವೂ ಅಲ್ಲ. ಅದು ವ್ರತವಿಲ್ಲದೆ ನಡೆಸಬಾರದ ಆದಾಯ. ವ್ರತದ ಗುಟ್ಟು ಇರುವುದು ಅದನ್ನು ಮೊದಲೇ ಕೈಗೊಳ್ಳುವುದರಲ್ಲಿ. ಪರಿಗ್ರಹಪರಿಮಾಣದಲ್ಲಿ ಶ್ರಾವಕನು ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣಗಳಿಗೆ ಮಿತಿ ಹಾಕುವುದು ಸಂಪತ್ತು ಕೈಗೆ ಬರುವ ಮುನ್ನ. ಬಂದ ಮೇಲೆ ಹಾಕುವ ಮಿತಿ ಬಂದಷ್ಟೂ ಹಿಗ್ಗುತ್ತದೆ. ಮನೆಯೊಡೆಯನೂ ಮನೆ ಖಾಲಿಯಿರುವಾಗ, ಮನಸ್ಸು ಶಾಂತವಾಗಿರುವಾಗ, ಕೆಲವು ಮಿತಿಗಳನ್ನು ಬರೆದಿಡಬೇಕು. ಎಷ್ಟು ಠೇವಣಿ, ಅದನ್ನು ಯಾವ ಪ್ರತ್ಯೇಕ ಖಾತೆಯಲ್ಲಿಡುವುದು. ವರ್ಷಕ್ಕೆ ಎಷ್ಟರ ಮೇಲೆ ಏರಿಸುವುದಿಲ್ಲ. ದುರಸ್ತಿಯ ಮಾತು ಬಂದರೆ ಎಷ್ಟು ದಿನದೊಳಗೆ ಹೋಗಿ ನೋಡುವುದು. ಬಾಕಿಯಾದರೆ ಎಷ್ಟು ತಿಂಗಳವರೆಗೆ ತಾಳುವುದು, ಎಷ್ಟನ್ನು ಬಿಡುವುದು. ಬಿಡಲು ಹೇಳಿದರೆ ಎಷ್ಟು ಕಾಲ ಕೊಡುವುದು. ಕಷ್ಟಕಾಲದಲ್ಲಿ ಬಾಗಿಲು ತಟ್ಟುವಾಗ ಅವನನ್ನು ನಡೆಸಬೇಕಾದುದು ಆ ಹೊತ್ತಿನ ಕೋಪವಲ್ಲ, ಹಿಂದೆ ತಾನೇ ಬರೆದ ಆ ಕಾಗದ.

ಚತುರ್ವಿಧ ದಾನಗಳನ್ನು ಎಣಿಸುವಾಗ ಬಹುಮಂದಿ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನು ಹೇಳುತ್ತಾರೆ. ಸಮಂತಭದ್ರಾಚಾರ್ಯರು ಆ ಅಭಯದ ಜಾಗದಲ್ಲಿ ಆವಾಸವನ್ನು ಹೇಳಿದರು. ತಲೆಯ ಮೇಲೆ ಸೂರಿರುವುದೂ, ನಾಳೆಯೂ ಅದು ಇರುತ್ತದೆಂದು ನಂಬಿ ಮಲಗುವುದೂ ಒಂದೇ ಎಂಬುದನ್ನು ಅವರು ಬಲ್ಲವರಾಗಿದ್ದರು. ಅಲ್ಲಿ ಹೇಳಿದ್ದು ಮುಖ್ಯವಾಗಿ ಸಂಯಮಿಗಳಿಗೆ ಕೊಡುವ ವಸತಿಯನ್ನು ಕುರಿತು. ಬಾಡಿಗೆಗೆ ಕೊಟ್ಟ ಮನೆ ದಾನವಲ್ಲ, ಹಾಗೆಂದುಕೊಳ್ಳುವುದು ಆತ್ಮವಂಚನೆ. ಆದರೆ ಹಣ ಪಡೆದು ಸೂರನ್ನು ಕೊಟ್ಟವನೂ ಅಭಯವನ್ನು ಹಣಕ್ಕೆ ಮಾರದೆ, ಅದರ ಜೊತೆಗೆ ಸುಮ್ಮನೆ ಕೊಡಬಹುದು. ತಿಂಗಳ ಮೊದಲ ವಾರದಲ್ಲಿ ಮನೆಯೊಡೆಯನ ಹೆಜ್ಜೆಯ ಸದ್ದು ಅಂಗಳದಲ್ಲಿ ಕೇಳಿದಾಗ, ಒಳಗಿರುವ ಆ ವೃದ್ಧೆಯ ಎದೆ ನಡುಗುವುದೋ, ಅಥವಾ ಆಕೆ ಎದ್ದು ಬಂದು ಕುಳಿತುಕೊಳ್ಳಲು ಚಾಪೆ ಹಾಸುವಳೋ ಎಂಬುದನ್ನು ಅವನು ಕಿವಿಗೊಟ್ಟು ಕೇಳಬೇಕು. ಅವನ ಅಣುವ್ರತದ ಸ್ಥಿತಿಯನ್ನು ತಿಳಿಯಲು ಬೇರೆ ಸಾಕ್ಷಿ ಬೇಕಾಗಿಲ್ಲ.